ಎತ್ತಿ ಕುಡಿಯುವುದು

ಬೇಲಿಯ ಬಾಗಿಲಲ್ಲಿ ದಾರಿಹೋಕರಿಗೆಂದು ಇಟ್ಟ ಮಣ್ಣಿನ ಗಿಂಡಿಯನ್ನು ಆ ಡಚ್ ಸೈನಿಕ ಮತ್ತೆ ಎಂಜಲು ಮಾಡಿ ಹೋಗಿದ್ದ. ತುಮಿರಾಳ ಅತ್ತೆ ಅದರ ಕೊಕ್ಕಿಗೆ ಬೂದಿ ಹಾಕಿ ಉಜ್ಜಿದಳು.

"ಕರು ಕೆಚ್ಚಲಿಗೆ ಬಾಯಿ ಹಾಕಿದ ಹಾಗೆ ಹಾಕ್ತಾನೆ, ಹಾಳಾದವನು! ಇವನ ತಾಯಿ ಏನು ಕಲಿಸಿದಾಳೋ."

ಡಚ್ಚರು ಸಮುದ್ರ ದಾಟಿ ಬಂದು ರಾಜಧಾನಿ ಜೋಗ್ಯಾ ನಗರ ಹಿಡಿದು ಮೂರು ತಿಂಗಳಾಗಿತ್ತು. ತುಮಿರಾಳ ಗಂಡ ದರ್ಮೊ ಗೆಣಸು ಹೊತ್ತು ಬರುವಾಗ ಸೇತುವೆಯ ಹತ್ತಿರ ಅವರ ಗುಂಡಿಗೆ ಸತ್ತು ನಲವತ್ತು ದಿನ. ಅವಳು ಅತ್ತಿರಲಿಲ್ಲ. ಭತ್ತ ಕುಟ್ಟುತ್ತಿದ್ದಳು, ಗಿಂಡಿ ತುಂಬುತ್ತಿದ್ದಳು.

ಏಳು ಜನರ ಗಸ್ತು ದಿನಾ ಬೆಳಿಗ್ಗೆ ಆ ದಾರಿಯಲ್ಲೇ ಹೋಗುತ್ತಿತ್ತು. ಕೊನೆಯವನು ಯೋರಿಸ್. ಇಪ್ಪತ್ತೊಂದು ವರ್ಷ, ಬೆಂದ ಸಿಗಡಿಯಂಥ ಕೆಂಪು ಕುತ್ತಿಗೆ. ಉಳಿದವರು ಮುಂದೆ ಹೋದರೂ ಇವನು ನೀರಿಗೆ ನಿಲ್ಲುತ್ತಿದ್ದ. ಮುರುಕು ಮಲಯ ಭಾಷೆಯಲ್ಲಿ ತನ್ನ ಊರಿನ ಹದಿನಾಲ್ಕು ಹಸುಗಳ ಸುದ್ದಿ ಹೇಳುತ್ತಿದ್ದ. ಅದನ್ನು ಯಾರೂ ಕೇಳಿರಲಿಲ್ಲ. ಒಂದು ದಿನ ತುಮಿರಾ ಬೇರೆಯದನ್ನು ಕೇಳಿದಳು.

"ಸೇತುವೆ ಹತ್ರ ಹೊಡೆದವರು ಯಾರು?"

ಅವನು ತನ್ನ ಬೂಟು ನೋಡಿಕೊಂಡ. "ಎಲ್ಲರೂ" ಎಂದ. ನೀರು ಕುಡಿದು ಹೋದ.

ಮರುದಿನ ಅವನು ಕೊಕ್ಕಿಗೆ ತುಟಿ ಇಟ್ಟಾಗ ಅವಳಿಗೆ ಅಸಹ್ಯ ತಡೆಯಲಾಗಲಿಲ್ಲ. ಗಿಂಡಿ ಕಿತ್ತುಕೊಂಡಳು. "ಹೀಗೆ ಎತ್ತಬೇಕು, ಕೋಣ!" ಎಂದು ಎರಡೂ ಕೈಯಲ್ಲಿ ಮೇಲೆತ್ತಿ, ತಲೆ ಹಿಂದಕ್ಕೆ ಬಾಗಿಸಿ ತೋರಿಸಿದಳು. ಅವನು ಕೋವಿಯನ್ನು ಬೇಲಿಗೆ ಒರಗಿಸಿ ಎತ್ತಿದ. ನೀರು ಮೂಗಿಗೆ ಹೋಯಿತು. ಕೆಮ್ಮುತ್ತಲೇ ನಕ್ಕ. ನಾಲ್ಕು ದಿನದಲ್ಲಿ ಕಲಿತ.

ಗೆರಿಲ್ಲಾಗಳ ಜೊತೆ ಸೇರಿದ್ದ ಮೈದುನ ಪೈಜನ್ ಇದನ್ನೆಲ್ಲ ಬಿದಿರುಮೆಳೆಯಿಂದ ನೋಡಿದ್ದ. ಮಧ್ಯಾಹ್ನ ಮನೆಗೆ ಬಂದ.

"ಒಳ್ಳೆ ಪಾಠ ಹೇಳಿಕೊಟ್ಟೆ ಅತ್ತಿಗೆ. ಮೊದಲು ಒಂದು ಕೈಲಿ ಕೋವಿ, ಕಣ್ಣು ದಾರಿ ಮೇಲೆ. ಈಗ ಎರಡೂ ಕೈ ಮೇಲೆ, ಕಣ್ಣು ಆಕಾಶಕ್ಕೆ! ನಾಳೆ ಗಿಂಡಿ ತುಂಬಿಡು, ಅಷ್ಟು ಸಾಕು."

"ತುಂಬಬೇಡ, ಒಳಗೆ ತಗೊಂಡು ಬಾ" ಎಂದಳು ಅತ್ತೆ. "ಬಾಯಾರಿದವರಿಗೆ ಇಟ್ಟ ನೀರು ಕಣೇ ಅದು. ಗಾಳದ ಹುಳ ಅಲ್ಲ."

"ಅಣ್ಣ ಸಾಯೋವಾಗ ಬಾಯಿಗೆ ಯಾರವ್ವಾ ನೀರು ಬಿಟ್ರು?"

ಅತ್ತೆ ಸೊಸೆಯ ಮುಖ ನೋಡಿದಳು. ಗಿಂಡಿ ಕಾಣದಿದ್ದರೆ ಅವನು ನಿಲ್ಲದೆ ಹೋಗುತ್ತಾನೆಂದು ಮೂವರಿಗೂ ಗೊತ್ತಿತ್ತು.

ಬೆಳಿಗ್ಗೆ ತುಮಿರಾ ಬಾವಿಯಿಂದ ನೀರು ಸೇದಿ ಗಿಂಡಿಯನ್ನು ಕಂಠಮಟ್ಟ ತುಂಬಿ ಹೊರಗಿಟ್ಟಳು.

ಯೋರಿಸ್ ಬಂದ. ಕೋವಿ ಒರಗಿಸಿದ. ಒಂದು ಹನಿಯೂ ಚೆಲ್ಲದೆ ಕುಡಿಯುತ್ತ, ನೋಡಿದೆಯಾ ಎಂಬಂತೆ ಅವಳ ಕಡೆಗೆ ಒಂದು ಬೆರಳು ಬಿಡಿಸಿದ. ಗಂಟಲು ಮೂರು ಸಲ ಏರಿಳಿಯಿತು. ಗುಂಡು ಅಲ್ಲಿಗೇ ಬಡಿಯಿತು.

ಗಸ್ತಿನವರು ಹಿಂದಿರುಗಿ ಮನೆಗೆ ಬೆಂಕಿ ಇಡುವಷ್ಟರಲ್ಲಿ ಅತ್ತೆ ಸೊಸೆ ಹಳ್ಳ ದಾಟಿದ್ದರು. ಅತ್ತೆ ದಾರಿಯುದ್ದಕ್ಕೂ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಬಿಸಿಲೇರಿದಾಗ ಗುಡ್ಡದ ಮೇಲಿನ ಊರು ಸಿಕ್ಕಿತು. ಮೊದಲ ಮನೆಯ ಬೇಲಿಯಲ್ಲೂ ಒಂದು ಗಿಂಡಿ ಇತ್ತು. ತುಮಿರಾ ಅದನ್ನು ಒಂದೇ ಕೈಯಲ್ಲಿ ಹಿಡಿದು, ಕೊಕ್ಕಿಗೆ ತುಟಿ ಇಟ್ಟು ಹೀರಿದಳು.

ಆ ಮನೆಯವಳು ಓಡಿ ಬಂದಳು. "ಎಂಜಲು ಮಾಡ್ತೀಯಲ್ಲೇ! ಎತ್ತಿ ಕುಡಿಯೋದು ಯಾರೂ ಕಲಿಸಿಲ್ವೇನೇ ನಿಂಗೆ?"

ತುಮಿರಾ ಹೀರುತ್ತಲೇ ಇದ್ದಳು. ದಾರಿಯಿಂದ ಕಣ್ಣು ತೆಗೆಯಲಿಲ್ಲ.