ಪರೀಕ್ಷೆ ಕುರ್ಚಿಯ ಮುದುಕ

ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಅಂತ ಒಂದು ಕುರ್ಚಿ ಇದೆ. ಕಪ್ಪು ರೆಕ್ಸಿನ್ನಿನದು. ಎಡಗೈ ಇಡುವಲ್ಲಿ ಹರಿದಿದೆ, ಯಜಮಾನರು ಅದಕ್ಕೆ ಟೇಪು ಸುತ್ತಿ ಕೈತೊಳೆದುಕೊಂಡಿದ್ದಾರೆ. ಒಂದು ಮಧ್ಯಾಹ್ನ ನಾನು ಗಾಜು ಉಜ್ಜುವುದನ್ನು ನಿಲ್ಲಿಸಿ ತಲೆ ಎತ್ತಿದಾಗ ಆ ಕುರ್ಚಿಯ ಮೇಲೆ ಒಬ್ಬ ಮುದುಕ ಕೂತಿದ್ದ. ಅವನು ನಿಜವಾಗಿ ಅಲ್ಲಿ ಇಲ್ಲ ಎಂಬುದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಹೇಗೆ ಅಂದರೆ, ಪರೀಕ್ಷೆಗೆ ಹಾಕುವ ದುಂಡನೆಯ ಕಬ್ಬಿಣದ ಚೌಕಟ್ಟು ಅವನ ಮೂಗಿನ ಮೇಲಿತ್ತು. ಅದೇ ಚೌಕಟ್ಟು ನನ್ನ ಮೇಜಿನ ಮೇಲೂ ಇತ್ತು. ಅಂಗಡಿಯಲ್ಲಿ ಇರುವುದು ಒಂದೇ.

ಹೆದರಿಕೆ ಆಗಲಿಲ್ಲ. ಸಿಟ್ಟಾದರೂ ಬರಬೇಕಿತ್ತು, ಅದೂ ಬರಲಿಲ್ಲ. ಸಿಟ್ಟು ಅಂದರೆ ನನಗೆ ಮೂಗಿನ ತುದಿಯಲ್ಲೇ ಇರುವಂಥದ್ದು, ಆದರೆ ಆ ದಿನಗಳಲ್ಲಿ ಮೂಗೇ ನನ್ನದಲ್ಲ ಅನ್ನುವಂತಿದ್ದೆ. ಮುದುಕನನ್ನು ನೋಡಿದೆ, ಗಾಜಿಗೆ ನೀರು ಚಿಮುಕಿಸಿ ಮತ್ತೆ ಉಜ್ಜಲು ಕೂತೆ.

ನನಗೆ ಬೈಪೋಲಾರ್ ಕಾಯಿಲೆ ಇದೆ. ಹೇಳಲು ನಾಚಿಕೆಯೇನಿಲ್ಲ, ಬೀದಿಗೆಲ್ಲ ಗೊತ್ತಿರುವ ವಿಷಯ. ಏರಿದಾಗ ನಾನು ಆಕಾಶಕ್ಕೆ ಏಣಿ ಹಾಕುತ್ತೇನೆ, ಇಳಿದಾಗ ಹಾಸಿಗೆಯಿಂದ ಕಾಲು ಕೆಳಗಿಡುವುದಿಲ್ಲ. ಎರಡೂ ಹೊತ್ತಿನಲ್ಲಿ ಇಲ್ಲದ್ದನ್ನು ಕೇಳಿದ್ದೇನೆ. ಏರಿದಾಗ ರೇಡಿಯೋದಲ್ಲಿ ಸುದ್ದಿ ಓದುವವನು ನಡುವೆ ನಿಲ್ಲಿಸಿ ನನ್ನನ್ನು ಹೊಗಳುತ್ತಿದ್ದ. ಇಳಿದಾಗ ಬಚ್ಚಲ ಬಾಗಿಲ ಹಿಂದಿನಿಂದ ಒಬ್ಬಳು, ನೀನು ಇನ್ನೂ ಯಾಕೆ ಇದ್ದೀಯ, ಅನ್ನುತ್ತಿದ್ದಳು. ಹೊಗಳಲಿ ಬೈಯಲಿ, ಮಾತೆಲ್ಲ ನನ್ನ ಸುತ್ತಲೇ. ಈ ಮುದುಕನಿಗೋ ನಾನು ಅಲ್ಲಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ. ಗೋಡೆಯ ಮೇಲಿನ ಅಕ್ಷರಗಳನ್ನು ದಿಟ್ಟಿಸುತ್ತಿದ್ದ, ಅಷ್ಟೇ.

ನಾನು ಇರುವುದು ಅಣ್ಣನ ಜೊತೆ. ಅವನಿಗೆ ಮದುವೆ ಆಗಲಿಲ್ಲ, ನನ್ನದು ಆಗಿ ಹೋಯಿತು. ಲಿಫ್ಟ್ ರಿಪೇರಿ ಅವನ ಕೆಲಸ. ದೊಡ್ಡ ಕಟ್ಟಡಗಳ ಲಿಫ್ಟ್ ಕೆಟ್ಟು ನಿಂತರೆ ಚೀಲ ಹಿಡಿದು ಹೋಗುತ್ತಾನೆ, ಮೊದಲು ಮೇನ್ ಆಫ್ ಮಾಡುತ್ತಾನೆ, ಆಮೇಲೆ ಒಂದೊಂದೇ ಭಾಗ ನೋಡುತ್ತಾ ಬರುತ್ತಾನೆ. ಕೆಡುವುದಕ್ಕೆ ಒಂದೇ ಒಂದು ಕಾರಣ ಇರುತ್ತದೆ ಎಂಬುದು ಅವನ ನಂಬಿಕೆ. ಹಿಡಿದ ಹಟ ಬಿಡುವ ಜಾತಿಯಲ್ಲ. ಚಿಕ್ಕಂದಿನಲ್ಲಿ ನಾನು ದಪ್ಪ ಕನ್ನಡಕ ಹಾಕುತ್ತಿದ್ದೆನೆಂದು ನನ್ನನ್ನು ಗೂಬೆ ಅಂತ ಕರೆದ, ಈಗಲೂ ಅದೇ ಹೆಸರು.

ಹಿಂದಿನ ಸಲ ಕಾಯಿಲೆ ಏರಿದಾಗ ಅಣ್ಣನೇ ಇಬ್ಬರನ್ನು ಕರೆದುತಂದು ನನ್ನ ರೆಟ್ಟೆ ಹಿಡಿದು ಆಸ್ಪತ್ರೆಗೆ ಸಾಗಿಸಿದ್ದ. ಬೀಗದ ವಾರ್ಡು. ಅಲ್ಲಿ ನಾನು ಚಳಿ ಅಂದರೆ ಕಾಯಿಲೆ, ಸೆಕೆ ಅಂದರೆ ಕಾಯಿಲೆ. ಊಟದಲ್ಲಿ ಕೂದಲಿದೆ ಅಂದರೂ ನರ್ಸ್ ಮೊದಲು ನನ್ನ ಮುಖ ನೋಡುತ್ತಿದ್ದಳು, ಆಮೇಲೆ ತಟ್ಟೆ. ಮನೆಗೆ ಬಂದ ದಿನ ಅಣ್ಣ ನನ್ನ ಎದುರು ಕೂತು, “ಇನ್ಮೇಲೆ ನಿನ್ನ ಮಾತು ಕೇಳ್ದೆ ನಿನ್ನನ್ನ ಎಲ್ಲಿಗೂ ಕರ್ಕೊಂಡು ಹೋಗಲ್ಲ ಗೂಬೆ,” ಅಂದಿದ್ದ. ಆ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ನಿದ್ದೆ ಮಾಡಿದ್ದೆ. ಅದು ಹೋದರೆ ಆ ಮನೆಯಲ್ಲಿ ನಾನು ಏನು ಹೇಳಿದರೂ ಗಾಳಿಗೆ.

ಹಾಗಾಗಿ ಮುದುಕನ ವಿಷಯ ಯಾರಿಗೂ ಬಾಯಿ ಬಿಡಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮ ಮನೆಯ ಅಡುಗೆಯೂ ಕೆಟ್ಟಿತ್ತು. ಅಣ್ಣನಿಗೆ ಲಿಫ್ಟಿನ ಕೆಳಗಿನ ಹೊಂಡದೊಳಗೆ ತಲೆ ಸುತ್ತಿ ಬಂದು, ಪರೀಕ್ಷೆ ಮಾಡಿಸಿದರೆ ಬಿ.ಪಿ. ಏರಿತ್ತು. ಒಂದು ಮಾತ್ರೆ ಬರೆದುಕೊಟ್ಟು ಉಪ್ಪು ಕಡಿಮೆ ಮಾಡಿ ಅಂದರಂತೆ. ಕಡಿಮೆ ಅನ್ನುವ ಪದ ಇವನಿಗೆ ಎಲ್ಲಿ ಗೊತ್ತು. ಮನೆಯಲ್ಲಿ ಅಡುಗೆ ಅವನದೇ, ಅಂಗಡಿಗೆ ನನ್ನ ಡಬ್ಬಿ ತುಂಬುವವನೂ ಅವನೇ. ಉಪ್ಪಿನ ಡಬ್ಬವನ್ನು ಹಾಗೇ ಸಿಂಕಿನಲ್ಲಿ ಸುರಿದು, “ಮನೇಲಿದ್ರೆ ಕೈ ಹೋಗುತ್ತೆ. ಮೇನ್ ಆಫ್ ಮಾಡ್ದೆ,” ಅಂದ. ನಿನ್ನ ಬಿ.ಪಿ.ಗೆ ನನ್ನ ನಾಲಿಗೆ ಯಾಕೆ ಸಾಯಬೇಕು ಅಂತ ಕೇಳಿದ್ದಕ್ಕೆ, ಒಂದೇ ಪಾತ್ರೆ, ಒಂದೇ ಅಡುಗೆ, ನಿನಗೂ ಒಳ್ಳೆಯದೇ, ಅಂದ. ಬೇಯಿಸಿದ ಗಜ್ಜರಿ, ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಮೊಟ್ಟೆ. ನಾನು ತಿಂದೆ. ಬೇರೆ ಕಾಲದಲ್ಲಾಗಿದ್ದರೆ ತಟ್ಟೆ ಹಾರುತ್ತಿತ್ತು.

ಹೊಟ್ಟೆ ಸರಿ ಇರಲಿಲ್ಲ, ದಿನಕ್ಕೆ ನಾಲ್ಕಾರು ಸಲ ಓಡಬೇಕಾಗುತ್ತಿತ್ತು. ಈ ಸಪ್ಪೆ ಊಟಕ್ಕೆ ಹೊಟ್ಟೆಯೂ ಮುನಿಸಿಕೊಂಡಿದೆ ಅಂದುಕೊಂಡೆ. ಬಾಗಿಲಲ್ಲಿ ಹೋಗುವಾಗ ಭುಜ ಚೌಕಟ್ಟಿಗೆ ತಾಗುತ್ತಿತ್ತು. ಕಾಯಿಲೆಗೆ ನಾನು ನುಂಗುವ ಲಿಥಿಯಂ ಮಾತ್ರೆಗೆ ಕೈ ಸ್ವಲ್ಪ ನಡುಗುವುದು ಹಳೆಯದು, ಅದನ್ನು ಇಟ್ಟುಕೊಂಡೇ ಇಷ್ಟು ವರ್ಷ ಕೆಲಸ ಮಾಡಿದ್ದೆ. ಈಗ ಕನ್ನಡಕದ ಕಡ್ಡಿಗೆ ಹಾಕುವ ಎಳ್ಳಿನಷ್ಟು ಸ್ಕ್ರೂ ಚಿಮಟದಿಂದ ಜಾರಿ ಜಾರಿ ಬೀಳುತ್ತಿತ್ತು. ಹುಡುಕಲು ಬಗ್ಗಿದರೆ ಮೇಜಿನ ಕೆಳಗಿನಿಂದ ಮುದುಕನ ಕಾಲುಗಳು ಕಾಣುತ್ತಿದ್ದವು, ನೆಲಕ್ಕೆ ಮುಟ್ಟದೆ ತೂಗುತ್ತಿದ್ದವು.

ಕೊನೆಗೆ ಬಾಯಿ ಬಿಟ್ಟದ್ದೂ ನಾನೇ, ಅದೂ ಮುದುಕನ ಮರ್ಯಾದೆಗಾಗಿ. ಯಜಮಾನರು ಊಟ ಮುಗಿಸಿ ಪೇಪರ್ ಹಿಡಿದುಕೊಂಡು ಆ ಕುರ್ಚಿಯಲ್ಲಿ ಧೊಪ್ಪನೆ ಕೂತರು.

“ಯಜಮಾನ್ರೇ, ಅವರ ಮೇಲೆ ಕೂತ್ಕೊಂಡ್ರಲ್ಲ,” ಅಂದುಬಿಟ್ಟೆ.

ಯಜಮಾನರು ಎದ್ದು ಕುರ್ಚಿ ನೋಡಿದರು, ನನ್ನನ್ನು ನೋಡಿದರು. “ಯಾರ ಮೇಲಮ್ಮ?”

“ಯಾರಿಲ್ಲ ಬಿಡಿ.”

ಪಾಪ, ಒಳ್ಳೆಯ ಮನುಷ್ಯ. ನನ್ನ ಕನ್ನಡಕ ತೆಗೆಸಿ, ಅದೇ ಕುರ್ಚಿಯಲ್ಲಿ ಕೂರಿಸಿ ಕಣ್ಣು ಪರೀಕ್ಷೆ ಮಾಡಿದರು. ಅವರಿಗೆ ಗೊತ್ತಿದ್ದ ಕಾರಣ ಅದೊಂದೇ. “ನಂಬರ್ ಏನೂ ಬದಲಾಗಿಲ್ಲ,” ಎಂದು ಬೇಜಾರಿನಿಂದ ಹೇಳಿ, ಒಳಗೆ ಹೋಗಿ ಅಣ್ಣನಿಗೆ ಫೋನ್ ಮಾಡಿದರು.

ಸಂಜೆ ಅಣ್ಣ ನನ್ನನ್ನು ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಕೂರಿಸಿದ. ಲಿಫ್ಟ್ ಕೆಟ್ಟಾಗ ನೋಡುವ ಹಾಗೆ ಒಂದೊಂದೇ ಶುರು ಮಾಡಿದ.

“ನಿದ್ದೆ?”

“ಮಾಡ್ತಿದೀನಿ.”

“ಕುಡಿದ್ಯಾ ಏನಾದ್ರೂ?”

“ನೀನು ಕೊಡೋ ಗಜ್ಜರಿ ನೀರು.”

ಅವನು ನಗಲಿಲ್ಲ. “ಬೇರೆ ಯಾರಾದ್ರೂ ಮಾತ್ರೆ ಕೊಟ್ರಾ? ಕೆಮ್ಮಿನ ಔಷಧಿ, ನೋವಿನ ಮಾತ್ರೆ?”

“ಇಲ್ಲ.”

“ಹಾಗಾದ್ರೆ ನಿನ್ನ ಮಾತ್ರೆ ನುಂಗ್ತಿಲ್ಲ ನೀನು.”

“ನುಂಗ್ತಿದೀನಿ ಅಣ್ಣ. ಇದು ನನ್ನ ಕಾಯಿಲೆ ಅಲ್ಲ. ನನ್ನ ಕಾಯಿಲೆ ಹೇಗಿರುತ್ತೆ ಅಂತ ನಂಗೊತ್ತು. ಇವನು ನನ್ನನ್ನ ಮಾತೇ ಆಡ್ಸಲ್ಲ.”

“ಕಾಯಿಲೆ ಇರೋರೆಲ್ಲ ಹೀಗೇ ಹೇಳೋದು,” ಅಂದ ಅಣ್ಣ. ಬೈದು ಹೇಳಲಿಲ್ಲ, ಮೆತ್ತಗೇ ಹೇಳಿದ. ಆ ಮಾತು ನನಗೆ ನಾಟಬೇಕಿತ್ತು. ಎಲ್ಲೋ ಪಕ್ಕದ ಮನೆಯಲ್ಲಿ ಯಾರಿಗೋ ಹೇಳಿದ ಹಾಗೆ ಕೇಳಿಸಿತು.

ಅವತ್ತಿನಿಂದ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಬೆಳಿಗ್ಗೆ ಸಂಜೆ ನನ್ನನ್ನು ಅದೇ ಜಾಗದಲ್ಲಿ ಕೂರಿಸಿ, ಮಾತ್ರೆಯನ್ನು ತಾನೇ ನನ್ನ ನಾಲಿಗೆ ಮೇಲಿಟ್ಟು, ನೀರು ಕುಡಿಸಿ, “ಬಾಯಿ ತೆಗಿ. ನಾಲಿಗೆ ಎತ್ತು. ಎಡಕ್ಕೆ. ಬಲಕ್ಕೆ,” ಅನ್ನುತ್ತಿದ್ದ. ಟಾರ್ಚು ಬಿಟ್ಟು ದವಡೆಯ ಸಂದಿಯನ್ನೆಲ್ಲ ನೋಡುತ್ತಿದ್ದ. ವಾರ್ಡಿನಲ್ಲೂ ಇದೇ ಮಾಡುತ್ತಿದ್ದರು, ಟಾರ್ಚು ಒಂದು ಇರಲಿಲ್ಲ. ಮಾತ್ರೆ ಒಂದೂ ತಪ್ಪಲಿಲ್ಲ. ನಾನು ದಿನದಿಂದ ದಿನಕ್ಕೆ ಹದಗೆಟ್ಟೆ. ನಾಲಿಗೆ ದಪ್ಪಗಾಗಿ ಮಾತು ತೊದಲಿತು. ಮುದುಕ ಅಂಗಡಿ ಬಿಟ್ಟು ಮನೆಗೂ ಬಂದ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಫ್ರಿಜ್ಜನ್ನು ಓದುತ್ತಿದ್ದ.

ಒಂದು ಭಾನುವಾರ ಬೆಳಿಗ್ಗೆ ಬಚ್ಚಲಿನಿಂದ ಬರುವಾಗ ಕಾಲು ನಿಲ್ಲದೆ ಬಿದ್ದೆ. ಅಣ್ಣ ಎತ್ತಿ ಕೂರಿಸಿದ. ಆಮೇಲೆ ಅಟ್ಟದಿಂದ ನೀಲಿ ಬ್ಯಾಗ್ ಇಳಿಸಿ ನನ್ನ ಬಟ್ಟೆ ತುಂಬಲು ಶುರು ಮಾಡಿದ. ಹಿಂದಿನ ಸಲದ್ದೇ ಬ್ಯಾಗು.

“ನಾನು ಬರಲ್ಲ,” ಅಂದೆ.

ಅವನು ಟವೆಲ್ ಮಡಿಸುತ್ತಾ ಇದ್ದ.

“ನನ್ನ ಮಾತು ಕೇಳ್ತೀನಿ ಅಂದಿದ್ದೆ.”

“ಕೇಳ್ದೆ,” ಅಂದ. ಜಿಪ್ ಎಳೆದ. ಹೊರಗೆ ಆಟೋ ತರಿಸಿ, ನನ್ನ ಎಡ ರೆಟ್ಟೆ ಹಿಡಿದುಕೊಂಡ. ಹಿಂದಿನ ಸಲವೂ ಅಲ್ಲೇ ಹಿಡಿದಿದ್ದ. ಅಣ್ಣನ ಕೈ ಬೆವರಿತ್ತು. ಅವನ ಮುಖ ಅಳುಮುಖವಾಗಿತ್ತು, ನಾನು ಅದನ್ನು ನೋಡಿದೆ, ನನಗೆ ಏನೂ ಅನ್ನಿಸಲಿಲ್ಲ. ಮುಗೀತು ಅಂತ ಮಾತ್ರ ಗೊತ್ತಾಯಿತು.

ಆಸ್ಪತ್ರೆಯಲ್ಲಿ ನನ್ನನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರಮ್ಮನೇ ಇದ್ದರು. ಅಣ್ಣ ನಿಂತುಕೊಂಡೇ ಎಲ್ಲ ಒದರಿದ. ನಿದ್ದೆ ಸರಿ ಇದೆ, ಕುಡಿತ ಇಲ್ಲ, ಬೇರೆ ಔಷಧಿ ಇಲ್ಲ, ಮಾತ್ರೆ ನಾನೇ ನುಂಗಿಸುತ್ತಿದ್ದೇನೆ, ಆದರೂ ಕಾಯಿಲೆ ತಿರುಗಿ ಬಂದಿದೆ, ವಾರ್ಡಿಗೆ ಹಾಕಿಕೊಳ್ಳಿ.

“ನೀವು ಕೂತ್ಕೊಳ್ಳಿ,” ಅಂದರು ಡಾಕ್ಟರಮ್ಮ. ನನ್ನ ಕಡೆ ತಿರುಗಿ, “ನೀವು ಹೇಳಿ. ಏನು ಅನ್ಸುತ್ತೆ ನಿಮಗೆ?”

“ಇದು ನನ್ನ ಕಾಯಿಲೆ ಅಲ್ಲ,” ಅಂದೆ. ತೊದಲುತ್ತಿದ್ದುದರಿಂದ ಎರಡು ಸಲ ಹೇಳಬೇಕಾಯಿತು.

“ಯಾಕೆ?”

ಮುದುಕನ ಬಗ್ಗೆ ಹೇಳಿದೆ. ಡಾಕ್ಟರಮ್ಮ ನನ್ನ ಎರಡೂ ಕೈ ಚಾಚಿಸಿ ನೋಡಿದರು, ಕೋಣೆಯ ಆ ಕೊನೆಯಿಂದ ಈ ಕೊನೆಗೆ ನಡೆಸಿದರು. ಭೇದಿ ಆಗುತ್ತಿದೆಯಾ, ನೀರು ಕುಡಿಯುತ್ತೀರಾ, ಏನು ಊಟ ಮಾಡುತ್ತೀರಿ ಅಂತ ಕೇಳಿದರು.

“ಸಪ್ಪೆ,” ಅಂದೆ.

“ಸಪ್ಪೆ ಅಂದ್ರೆ?”

“ನಮ್ಮನೇಲಿ ಉಪ್ಪೇ ತರಲ್ಲ ಡಾಕ್ಟ್ರೇ,” ಅಂದ ಅಣ್ಣ. ಆ ಹೊತ್ತಿನಲ್ಲೂ ದನಿಯಲ್ಲಿ ಸ್ವಲ್ಪ ಜಂಬವಿತ್ತು. “ನನಗೆ ಬಿ.ಪಿ. ಅಂತ ಇಬ್ಬರಿಗೂ ನಿಲ್ಲಿಸಿಬಿಟ್ಟೆ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೆಲ್ ಒತ್ತಿ, ನನ್ನ ರಕ್ತ ಈಗಲೇ ತೆಗೆಯಿರಿ ಅಂದರು. ಆಮೇಲೆ ಅಣ್ಣನಿಗೆ ನಿಧಾನವಾಗಿ ಬಿಡಿಸಿ ಹೇಳಿದರು. ದೇಹಕ್ಕೆ ಉಪ್ಪು ಸಿಗದೇ ಹೋದರೆ ಮೂತ್ರಪಿಂಡ ಇರುವ ಉಪ್ಪನ್ನು ಬಿಗಿಹಿಡಿಯುತ್ತದೆ, ಅದರ ಜೊತೆಗೆ ಲಿಥಿಯಮ್ಮನ್ನೂ ಹಿಡಿದುಕೊಳ್ಳುತ್ತದೆ. ಹೊರಗೆ ಹೋಗಬೇಕಾದ್ದು ರಕ್ತದಲ್ಲೇ ಉಳಿದು ವಿಷವಾಗುತ್ತದೆ. ಬೇಸಿಗೆಯ ಬೆವರು, ಭೇದಿ ಸೇರಿದರೆ ಇನ್ನೂ ಬೇಗ. ಕೈ ನಡುಕ, ತೊದಲು, ಇಲ್ಲದ್ದು ಕಾಣುವುದು, ಎಲ್ಲ ಅದರದೇ.

“ಈ ಕಾಯಿಲೆ ಇರೋರಿಗೆ ಇಲ್ಲದ್ದು ಕಂಡ್ರೆ ಕಾಯಿಲೆನೇ ಆಗಿರ್ಬೇಕು ಅಂತೇನಿಲ್ಲ,” ಅಂದರು. “ನಿದ್ದೆ ಕೆಟ್ರೂ ಕಾಣುತ್ತೆ, ಜ್ವರಕ್ಕೂ ಕಾಣುತ್ತೆ, ಥೈರಾಯ್ಡಿಗೂ ಕಾಣ್ಬಹುದು. ಔಷಧಿನೇ ಹೆಚ್ಚಾಗಿಯೂ ಕಾಣುತ್ತೆ. ಒಂದೇ ಕಾರಣ ಅಂತ ಹಿಡ್ಕೊಂಡು ಕೂರಬಾರದು.”

ಅಣ್ಣ ಗರಬಡಿದವನಂತೆ ಎದ್ದು ನಿಂತ. “ನಾನೇ ನುಂಗಿಸ್ತಿದ್ದೆ,” ಅಂದ. “ಬಾಯಿ ತೆಗೆಸಿ ನೋಡಿ ನೋಡಿ ನುಂಗಿಸ್ತಿದ್ದೆ.”

ರಕ್ತದ ವರದಿಯಲ್ಲಿ ಡಾಕ್ಟರಮ್ಮ ಹೇಳಿದ್ದೇ ಬಂತು. ಬೀಗದ ವಾರ್ಡಿಗೆ ಹಾಕಲಿಲ್ಲ, ಜ್ವರ ಗಿರದವರ ಮಾಮೂಲಿ ವಾರ್ಡಿಗೆ ಹಾಕಿದರು. ಲಿಥಿಯಂ ನಿಲ್ಲಿಸಿ ಸಲೈನ್ ಏರಿಸಿದರು. ಸಲೈನ್ ಅಂದರೆ ಉಪ್ಪುನೀರೇ ಅಂತ ನರ್ಸ್ ಹೇಳಿದಳು. ಅಣ್ಣ ಬಾಯಿಗೆ ಹಾಕದ ಉಪ್ಪನ್ನು ಇವರು ನರಕ್ಕೆ ಹಾಕಿದರು. ಇದನ್ನು ಅಣ್ಣನಿಗೆ ಹೇಳಿ ನಗಿಸೋಣ ಅಂದುಕೊಂಡೆ, ಅವನು ಬಾಟಲಿಯ ಹನಿಗಳನ್ನೇ ನೋಡುತ್ತಾ ಕೂತಿದ್ದುದನ್ನು ಕಂಡು ಸುಮ್ಮನಾದೆ. ಮುದುಕ ಇನ್ನೂ ಒಂದೆರಡು ದಿನ ಎದುರು ಮಂಚದ ತುದಿಯಲ್ಲಿ ಕೂತಿದ್ದ. ಆಮೇಲೆ ಹೇಳದೆ ಕೇಳದೆ ಹೋದ.

ಮನೆಗೆ ಬಂದ ಸಂಜೆ ಒಲೆಯ ಮೇಲೆ ಎರಡು ಪಾತ್ರೆ ಇದ್ದವು. ಸಣ್ಣದು ಅವನದು, ದೊಡ್ಡದು ನನ್ನದು. ಹೊಸ ಡಬ್ಬದಿಂದ ನನ್ನ ಆಲೂಗಡ್ಡೆಗೆ ಉಪ್ಪು ಹಾಕಿ, ರುಚಿ ನೋಡಲಾಗದೆ ಚಮಚ ನನ್ನ ಕಡೆ ಚಾಚಿದ.

“ಸಾಕಾ?”

“ಸಾಕು.” ಉಪ್ಪು ಉಪ್ಪಾಗಿತ್ತು, ಅದಕ್ಕಿಂತ ಹೆಚ್ಚೇನೂ ನನಗೆ ಅನ್ನಿಸಲಿಲ್ಲ.

ಊಟ ಮುಗಿಯಿತು. ತಟ್ಟೆ ಸರಿಸಿ ಅವನು, “ನಿನ್ನ ಮಾತು ಕೇಳ್ಬೇಕಿತ್ತು ಗೂಬೆ,” ಅಂದ.

“ಹೌದು, ಕೇಳ್ಬೇಕಿತ್ತು,” ಅಂದೆ. ಪರವಾಗಿಲ್ಲ ಬಿಡು ಅಂತ ಹೇಳಲು ನನಗೆ ಮನಸ್ಸಿರಲಿಲ್ಲ.

ಅವನು ತಲೆಯಾಡಿಸಿದ. ಎದ್ದು ಹೋಗಿ ಕಪಾಟಿನಿಂದ ತನ್ನ ಬಿ.ಪಿ. ಮಾತ್ರೆ ಮತ್ತು ಟಾರ್ಚು ತಂದ. ಟ್ಯೂಬ್‌ಲೈಟಿನ ಕೆಳಗೆ, ನನ್ನನ್ನು ಕೂರಿಸುತ್ತಿದ್ದ ಜಾಗದಲ್ಲೇ ಕೂತು, ಟಾರ್ಚನ್ನು ನನ್ನ ಕೈಗೆ ಕೊಟ್ಟ. ಮಾತ್ರೆ ನಾಲಿಗೆ ಮೇಲಿಟ್ಟುಕೊಂಡು ನೀರು ಕುಡಿದ. ಆಮೇಲೆ ಬಾಯಿ ಅಗಲಿಸಿ ನನ್ನ ಕಡೆ ತಿರುಗಿ ಕೂತ. ಅವನೇನು ಮಾಡುತ್ತಿದ್ದಾನೆ ಅಂತ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

“ನಾಲಿಗೆ ಎತ್ತು,” ಅಂದೆ.

ಎತ್ತಿದ.

“ಎಡಕ್ಕೆ. ಬಲಕ್ಕೆ.”

ನೋಡಬೇಕಾದ ಹಾಗೆಯೇ ನೋಡಿದೆ. ಹಿಂದಿನ ಹಲ್ಲೊಂದು ಹುಳುಕಾಗಿತ್ತು. ಟಾರ್ಚು ನನ್ನ ಕೈಯಲ್ಲಿ ಇನ್ನೂ ಸ್ವಲ್ಪ ನಡುಗುತ್ತಿತ್ತು, ಅವನು ಕದಲದೆ ಕೂತಿದ್ದ.

“ಏನೂ ಇಲ್ಲ,” ಅಂದೆ.

ಅಣ್ಣ ಬಾಯಿ ಮುಚ್ಚಿ ತುಟಿ ಒರೆಸಿಕೊಂಡ.

“ನೀನು ಇಲ್ಲ ಅಂದ್ರೆ ಇಲ್ಲ,” ಎಂದು ಎದ್ದು ತಟ್ಟೆ ತೊಳೆಯಲು ಹೋದ.