ಹಣ್ಣಾಗದ ಕಾಯಿ

ಕುದೂರ್ ಕುದೂರ್ ಕುದೂರ್ ಎಂದು ಕಂಡಕ್ಟರ್ ಬಸ್ಸಿನ ತಗಡು ಬಡಿಯುತ್ತಿದ್ದಾನೆ, ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಇಷ್ಟು ಗಲಾಟೆಯಿದ್ದರೂ ಆ ಸದ್ದು ಕವಡೆ ಕುಲುಕಿದ ಹಾಗೇ ಕೇಳುತ್ತಿದೆಯಲ್ಲ, ಥೂ, ಚನ್ನಲಿಂಗಪ್ಪನ ಕಣ್ಣೆದುರು ಅದೇ ಮುಷ್ಟಿ — ನರ ಎದ್ದ, ಬಿಗಿದ ಮುಷ್ಟಿ, ಅದರೊಳಗೆ ಏನೋ ಇತ್ತು, ಇದ್ದೇ ಇತ್ತು, ಸಾಯೋ ಹೊತ್ತಿನಲ್ಲೂ ಕಳ್ಳಾಟ ಆಡುತ್ತಾಳಲ್ಲ ಈ ಬೈರಾಪಟ್ಟಣದ ಬೈರಮ್ಮ! ಅಂಗಡಿಯನ್ನು ಮಗಳಿಗೆ ಒಪ್ಪಿಸಿ, ಕೊನೆಗಾಲದ ರೋಗಿಗಳ ಜೊತೆ ಕೂರಲು ಆರೈಕೆ ಮನೆಗೆ ಹೊರಟಾಗ ಹೆಂಡತಿ ಗಿರಿಜಾಂಬ ಏನಂದಳು, ಯಮನ ಆಫೀಸಲ್ಲಿ ಸಂಬಳವಿಲ್ಲದ ಗುಮಾಸ್ತರಾ ನೀವು, ಅಂದಳು, ಅನ್ನಲಿ, ನರ್ಸ್ ಜ್ಯೋತಿಲಕ್ಷ್ಮಿ ಹೇಳಿಕೊಟ್ಟದ್ದು ಎಷ್ಟು ಸುಲಭವಿತ್ತು — ಹುಷಾರಾಗ್ತೀರ ಅಂತ ಸುಳ್ಳು ಹೇಳ್ಬೇಡಿ ಸಾರ್, ಬುದ್ಧಿ ಹೇಳ್ಬೇಡಿ, ಸುಮ್ನೆ ಜೊತೇಲಿರಿ — ರೋಗಿ ಚೌಕಾಬಾರದಲ್ಲಿ ಮೋಸ ಮಾಡಿದರೆ ಏನು ಮಾಡಬೇಕು ಅಂತ ಮಾತ್ರ ಹೇಳಿಕೊಡಲಿಲ್ಲ.

ಇವನ ಕಾಯಿಗಳೆಲ್ಲ ಹಣ್ಣಾಗಿ ನಡುಮನೆ ಸೇರಿದ್ದವು, ಉಳಿದದ್ದು ಒಂದು, ಆ ಹುಣಸೆಬೀಜ, ಅದೂ ಹಣ್ಣಾದರೆ ಆಟ ಮುಗಿಯಿತು, ಮೊದಲ ಸಲ ಮುದುಕಿಯನ್ನು ಸೋಲಿಸುತ್ತಿದ್ದ, ನೀರಿನ ಲೋಟ ಎತ್ತಿ ಇಳಿಸುವಷ್ಟರಲ್ಲಿ ಬೀಜ ಮಾಯ! ನನ್ ಕಾಯಿ ಎಲ್ಲಮ್ಮಾ ಅಂದರೆ ನಂಗೇನ್ ಗೊತ್ತಪ್ಪ, ಇರುವೆ ಎತ್ಕಂಡೋಗಿರ್ಬೇಕು, ಅಂತಾಳೆ, ಕೈ ಬಿಚ್ಚಮ್ಮ ಅಂದರೆ ಸೂಜಿ ಚುಚ್ಚಿದ್ ಕೈ ಕಣಪ್ಪ, ನೋಯ್ತದೆ, ನಾನೇ ಹಣ್ಣಾಗಿ ಮನಿಕಂಡಿವ್ನಿ, ನಿನ್ ಕಾಯಿಗ್ಯಾಕೆ ಅಷ್ಟು ಅವಸ್ರ, ಅಂತಾಳೆ, ರೇಗಿಹೋಯಿತು, ಟವೆಲ್ಲು ಕೊಡವಿ ಎದ್ದ, ಹಂಗಾದ್ರೆ ನಾನ್ ಹೋಗ್ತೀನಿ, ಅಂದ — ಅಯ್ಯೋ ಶಿವನೇ, ಹೋಗ್ತೀನಿ ಅಂದುಬಿಟ್ಟನಲ್ಲ! ಪಕ್ಕದ ಬೀದಿಗೆ ಹಾಲು ತರಲು ಹೊರಟರೂ ಬತ್ತೀನಿ ಅನ್ನುವ ಬಾಯಿ, ಸಾವಿನ ಮನೆಯಿಂದ ಏಳುವಾಗ ಮಾತ್ರ ಯಾರೂ ಬತ್ತೀನಿ ಅನ್ನುವುದಿಲ್ಲ, ಬದುಕಿರುವವಳ ಮುಂದೆ ಹಾಗೆ ಎದ್ದು ಬಂದನಲ್ಲ, ಅವಳ ಮುಖ ಸಪ್ಪಗಾಯಿತು, ಮುಷ್ಟಿ ಮಾತ್ರ ಬಿಚ್ಚಲಿಲ್ಲ, ನಾಳೆಯಷ್ಟರಲ್ಲಿ ಏನಾದರೂ ಆಗಿಬಿಟ್ಟರೆ ಅವಳ ಕಿವಿಗೆ ಬಿದ್ದ ಇವನ ಕೊನೆಯ ಮಾತು ಅದೇ.

ಇಳೀರಿ, ಇಲ್ಲಾ ಕೂರಿ ಯಜಮಾನ್ರೆ, ಬಾಗ್ಲಲ್ಲಿ ನಿಂತ್ಕಂಡು ಅದೇನ್ ಧ್ಯಾನ, ಎಂದ ಕಂಡಕ್ಟರ್, ಇಳಿದ, ಓಡಿದ, ಮಂಡಿನೋವು ಆಮೇಲೆ ನೆನಪಾದರಾಯಿತು, ವಾರ್ಡಿನ ಬಾಗಿಲಲ್ಲಿ ಗಕ್ಕನೆ ನಿಂತ, ಬೈರಮ್ಮ ಕಣ್ಣು ಮುಚ್ಚಿದ್ದಾಳೆ, ಬಾಯಿ ತೆರೆದಿದೆ, ಅಮ್ಮಾ, ಎಂದ, ಅವ್ವಾ, ಎಂದ — ಒಂದು ಕಣ್ಣು ತೆರೆಯಿತು, ಬಸ್ ಸಿಗ್ನಿಲ್ವಾ, ಎಂದಳು ಕಳ್ಳಿ! ಅಳುವೂ ನಗುವೂ ಒಟ್ಟಿಗೇ ನುಗ್ಗಿ ಇವನಿಗೆ ಕೆಮ್ಮು ಹತ್ತಿತು, ತಪ್ಪಾಯ್ತು ಕಣವ್ವ, ಬತ್ತೀನಿ, ನಾಳಿಕೆ ಬತ್ತೀನಿ ಅನ್ನಕ್ಕೆ ಬಂದೆ, ಎಂದ, ಹಂಗನ್ನು ಮತ್ತೆ, ಎಂದು ಮುಷ್ಟಿಯನ್ನು ಒಸಿ ಬಿಚ್ಚಿದಳು, ಹುಣಸೆಬೀಜ, ಬೆವರಿಗೆ ಹೊಳೆಯುತ್ತಿದೆ, ಇವನು ಕೈ ಚಾಚುವಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿತು, ಇದ್ ಹಣ್ಣಾದ್ರೆ ಆಟ ಮುಗ್ದೋಯ್ತದೆ, ಆಮೇಲ್ ನೀನ್ಯಾಕಪ್ಪ ಬತ್ತೀಯ, ನಾಳಿಕೆ ಬಾ, ಕೊಡ್ತೀನಿ — ಬತ್ತೀನಿ — ಬಾಗಿಲಲ್ಲಿ ತಿರುಗಿ ನೋಡಿದರೆ ಮುಷ್ಟಿ, ಕುದೂರ್ ಕುದೂರ್, ಕಿಟಕಿಯಾಚೆ ಊರು ಹಿಂದೆ ಸರಿಯುತ್ತಿದೆ, ಮುಷ್ಟಿ, ಸೂಜಿ ಚುಚ್ಚಿದ ಮುಷ್ಟಿ, ಅದರೊಳಗೆ ಒಂದು ಹುಣಸೆಬೀಜ, ಬಿಗಿಯಾಗಿ