ಹಾರ್ಲಂಡ್ ಹೇಳಿದ ಬಿಸಿಲು

ಮ್ಯಾಡಲಿನ್ ಬಾಚಣಿಗೆ ಹಲ್ಲಿನ ಮೊರವನ್ನು ಗಿಡದೊಳಗೆ ನುಗ್ಗಿಸಿ ಮೇಲೆತ್ತಿದಳು. ಎತ್ತಿದವಳು ಹಾಗೇ ನಿಂತುಬಿಟ್ಟಳು. ಮೊರದ ತುಂಬ ಹಸಿರು ಕಾಯಿ, ನಡುನಡುವೆ ಕೆಂಪು. ನೀಲಿ ಎಂದು ಹೇಳಿಕೊಳ್ಳುವಂಥದ್ದು ಒಂದು ಹಿಡಿ ಇತ್ತೋ ಇಲ್ಲವೋ.

"ಅಲ್ಥಿಯಾ, ಬಾ ಇಲ್ಲಿ! ಬ್ಲೂಬೆರಿ ಅಂತ ಹೇಳಿ ಬಟಾಣಿ ಬಿಡಿಸೋಕೆ ಕರೆಸಿದ್ದೀಯೇನೇ ಹುಡುಗಿ?"

ಅವಳ ಹಿಂದಿದ್ದ ಹದಿಮೂರು ಜನ ಹೋ ಎಂದು ನಕ್ಕರು. ಐವತ್ತೆರಡು ವರ್ಷದ ಅಲ್ಥಿಯಾಳನ್ನು ಈಗಲೂ ಹುಡುಗಿ ಎಂದು ಕರೆಯುವ ಹಕ್ಕು ಮ್ಯಾಡಲಿನ್‌ಗೆ ಮಾತ್ರ ಇತ್ತು. ಪ್ರತಿ ಆಗಸ್ಟಿನಲ್ಲಿ ಎಲ್ಸಿಪೊಗ್ಟೊಗ್ ಎಂಬ ಊರಿನಿಂದ ದೇಶದ ಗಡಿ ದಾಟಿ ತನ್ನ ಮಿಗ್‌ಮಾ ಬುಡಕಟ್ಟಿನ ಬಳಗವನ್ನು ಕೊಯ್ಲಿಗೆ ಕರೆತರುವವಳು ಅವಳೇ. ಆದರೆ ದಾರ ಕಟ್ಟಿ ಗುರುತಿಸಿದ ಪಕ್ಕದ ಪಟ್ಟೆಯಲ್ಲಿ ಅವಳ ಗುಂಪಿನ ನೋಯೆಲ್ ಮೊರ ಎತ್ತಿದ, ಅದೂ ಹಸಿರು. ಅವನಾಚೆ ಇನ್ನಿಬ್ಬರು ಎತ್ತಿದರು. ನಗು ಅಲ್ಲಿಗೆ ನಿಂತಿತು.

ಅಲ್ಥಿಯಾ ಓಡಿಬಂದು ಮಂಡಿಯೂರಿ ಎಲೆ ಸರಿಸಿದಳು. ಮೇಲಿನ ಸಾಲು ನೀಲಿ. ದಾರಿಯಲ್ಲಿ ನಿಂತು ನೋಡಿದವರಿಗೆ ಹೊಲವೆಲ್ಲ ಹಣ್ಣಾದಂತೆ ಕಾಣಬೇಕು. ಎಲೆಯಡಿ ಇನ್ನೂ ವಾರ ಹತ್ತು ದಿನದ ಕೆಲಸ ಬಾಕಿ ಇತ್ತು.

"ಅಪ್ಪನ ಅಂಕಿ ತಪ್ಪೋಕೆ ಸಾಧ್ಯವೇ ಇಲ್ಲ," ಎಂದಳು. ಯಾರೂ ತಪ್ಪಿದೆ ಎಂದಿರಲಿಲ್ಲ.

ಅಪ್ಪನ ಅಂಕಿ ಎಂದರೆ ಇಷ್ಟೇ. ಏಪ್ರಿಲ್ ಒಂದರಿಂದ ಹಿಡಿದು ದಿನಾ ಬೆಳಿಗ್ಗೆ ಏಳಕ್ಕೆ ಅವಳಪ್ಪ ಹಾರ್ಲಂಡ್ ಡಾರ್ ಗುಡ್ಡದ ಮೇಲಿನ ಹೊಲದ ಬಿಳಿ ಮರದ ಪೆಟ್ಟಿಗೆಯ ಬಾಗಿಲು ತೆಗೆದು, ಒಳಗಿನ ಥರ್ಮಾಮೀಟರಿನಲ್ಲಿ ಹಿಂದಿನ ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬಿಸಿಯನ್ನು ನೋಡುವನು. ಫ್ಯಾರನ್‌ಹೀಟ್ ಲೆಕ್ಕದ ಆ ಎರಡನ್ನೂ ಕೂಡಿಸಿ ಅರ್ಧ ಮಾಡಿ, ನೀರು ಹೆಪ್ಪುಗಟ್ಟುವ ಮೂವತ್ತೆರಡು ಕಳೆದು, ಉಳಿದದ್ದನ್ನು ನಿನ್ನೆಯ ಮೊತ್ತಕ್ಕೆ ಸೇರಿಸಬೇಕು. ಮೊತ್ತ ಇಷ್ಟಾದರೆ ಜೇನುಪೆಟ್ಟಿಗೆ ತರಿಸು, ಇಷ್ಟಾದರೆ ಔಷಧಿ ಹೊಡೆ, ಮೂರು ಸಾವಿರ ಮುಟ್ಟಿದರೆ ಮೊರ ಹಿಡಿ. ಗಿಡಕ್ಕೆ ಗೋಡೆಯ ಕ್ಯಾಲೆಂಡರ್ ಗೊತ್ತಿಲ್ಲ, ಉಂಡ ಬಿಸಿಲು ಮಾತ್ರ ಗೊತ್ತು ಎಂದು ಅವನು ಮೂವತ್ತೆಂಟು ವರ್ಷದಿಂದ ಹೇಳುತ್ತ ಬಂದಿದ್ದ. ಗುಡ್ಡದ ಹನ್ನೊಂದು ಮನೆಯವರು "ಹಾರ್ಲಂಡ್‌ದು ಎಷ್ಟಾಯ್ತು?" ಎಂದು ಕೇಳಿಯೇ ಮುಂದಿನ ಕೆಲಸಕ್ಕೆ ಕೈಹಾಕುವರು. ಅವರು ಚರ್ಚಿನ ವಿಷಯಕ್ಕೆ ಜಗಳವಾಡುವರು, ಬೇಲಿ ವಿಷಯಕ್ಕೆ ಕೋರ್ಟಿಗೆ ಹೋಗುವರು, ಈ ಅಂಕಿಯ ಬಗ್ಗೆ ಮಾತ್ರ ತುಟಿ ಪಿಟಕ್ಕೆನ್ನರು. ಅಪ್ಪನಿಗಿದ್ದ ಹೆಸರೆಲ್ಲ ಅದರಲ್ಲೇ ಇತ್ತು. ಈಗ ಅವನ ಮಾತು ನಂಬಿ ಹನ್ನೊಂದು ಮನೆಯವರೂ ಇದೇ ಸೋಮವಾರಕ್ಕೆ ಕೊಯ್ಲಿನವರನ್ನು ಕರೆಸಿಕೊಂಡಿದ್ದರು.

ಕೂಡುವ ಕೆಲಸ ಅಲ್ಥಿಯಾಳದು. ಬೇಸಿಗೆಯಿಡೀ ಅವಳು ಕೆಳಗೆ ಬಂದರಿನಲ್ಲಿ, ಪ್ರವಾಸಿಗರಿಗೆ ಲಾಬ್‌ಸ್ಟರ್ ಬೇಯಿಸುವ ಹೋಟೆಲಿನಲ್ಲಿರುವವಳು. ಅಪ್ಪ ಬೆಳಿಗ್ಗೆ ಫೋನಿನಲ್ಲಿ ಹೇಳುವನು, ಇವಳು ಬರೆದು ಕೂಡುವಳು. ಹದಿನೈದು ದಿನದ ಹಿಂದೆ ಪಕ್ಕದ ಹೊಲದವನೊಬ್ಬ ಫೋನ್ ಮಾಡಿ, "ಅಲ್ಲಾ, ಇಷ್ಟು ಮಂಜು ಮುಸುಕಿದೆ, ಅಷ್ಟೊಂದು ಹೆಂಗಾಯ್ತು?" ಎಂದು ಕೇಳಿದ್ದ. "ಥರ್ಮಾಮೀಟರ್ ಹೇಳಿದ್ದು, ನಾನಲ್ಲ," ಎಂದು ಫೋನಿಟ್ಟಿದ್ದಳು. ಈಗ ಅದು ನೆನಪಾಯಿತು.

ಹಾರ್ಲಂಡ್ ಪಿಕಪ್ಪಿನಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದ. ಎಪ್ಪತ್ತೆಂಟು ವರ್ಷದವನು, ಇನ್ನೂ ನೆಟ್ಟಗಿನ ಬೆನ್ನು. ಆ ಬೆಳಿಗ್ಗೆ ಅಲ್ಥಿಯಾಳ ಕಾರು ಚಾಲೂ ಆಗದೆ ಕೈಕೊಟ್ಟಾಗ ಅವನೇ ಬಂದರಿಗೆ ಇಳಿದು ಬಂದು ಅವಳನ್ನು ಕರೆತಂದಿದ್ದ.

"ಅಪ್ಪ, ಥರ್ಮಾಮೀಟರ್ ಕೆಟ್ಟಿರಬೇಕು."

"ಅದ್ಯಾಕೆ ಕೆಡತ್ತೆ? ನಿನ್ನ ಕೂಡೋ ಲೆಕ್ಕ ಕೆಟ್ಟಿರತ್ತೆ. ಸ್ಕೂಲಲ್ಲೂ ನಿಂದು ಅದೇ ಕತೆ."

ಅವಳು ಪೆಟ್ಟಿಗೆಯತ್ತ ಹೋದಳು. ಬಾಗಿಲು ತೆಗೆದು ಥರ್ಮಾಮೀಟರನ್ನು ಮೊಳೆಯಿಂದ ಬಿಡಿಸಿ, ಬೆಳಕಿಗೆ ತಿರುಗಿಸಿದಳು. ಅರವತ್ತೊಂದು. ಮ್ಯಾಡಲಿನ್‌ಳ ವ್ಯಾನಿನತ್ತ ನಡೆದು ಅದರ ಸ್ಟಿಯರಿಂಗಿನ ಪಕ್ಕ ತೋರುತ್ತಿದ್ದ ಹೊರಗಿನ ಬಿಸಿಯ ಅಂಕಿ ನೋಡಿದಳು. ಗಡಿಯಾಚೆಯ ಸೆಲ್ಸಿಯಸ್ ಲೆಕ್ಕದಲ್ಲಿ ಹದಿನಾರು, ಅಂದರೆ ಅದೂ ಅರವತ್ತೊಂದು. ಥರ್ಮಾಮೀಟರಿಗೆ ಏನೂ ಆಗಿರಲಿಲ್ಲ. ಅದನ್ನು ಕೈಯಲ್ಲೇ ಹಿಡಿದು ಹಿಂದಿರುಗಿದಳು.

ಅಷ್ಟರಲ್ಲಿ ಹಾರ್ಲಂಡ್ ಇಳಿದುಬಂದು ಪೆಟ್ಟಿಗೆಯೆದುರು ಬಗ್ಗಿದ್ದ. ಮೂಗು ಹಲಗೆಗೆ ತಾಗುವಷ್ಟು ಹತ್ತಿರ ಹೋಗಿ, ತಲೆ ಓರೆ ಮಾಡಿ, ಕಣ್ಣು ಕಿರಿದು ಮಾಡಿ ನೋಡಿದ.

"ಎಪ್ಪತ್ತೊಂಬತ್ತು," ಎಂದ. "ನೋಡು, ಸರಿಯಾಗೇ ಇದೆ."

ಅವನೆದುರು ಬರೀ ಮೊಳೆ ಇತ್ತು.

ಅಲ್ಥಿಯಾ ತನ್ನ ಕೈಯಲ್ಲಿದ್ದ ಥರ್ಮಾಮೀಟರನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. "ಇನ್ನೊಂದ್ಸಲ ಹೇಳಪ್ಪ."

"ಎಪ್ಪತ್ತೊಂಬತ್ತು. ಎಂಬತ್ತೇ ಅಂತಿಟ್ಕೊ. ಕಿವಿ ಹೋಯ್ತಾ ನಿಂಗೆ?"

ಅವಳು ಹತ್ತಿರ ಹೋಗಿ ಅವನ ಕೈ ಹಿಡಿದು, ಥರ್ಮಾಮೀಟರನ್ನು ಅಂಗೈಯಲ್ಲಿಟ್ಟಳು. ಅವನ ಬೆರಳು ಗಾಜಿನ ನಳಿಕೆಯ ಮೇಲೆ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಹೋಯಿತು. ಆಮೇಲೆ ಅಲ್ಲಾಡಲಿಲ್ಲ. ಅಷ್ಟು ಹೊತ್ತು ಗತ್ತಿನಲ್ಲಿದ್ದ ಮುಖ ಮಗಳ ಕಣ್ಣೆದುರೇ ಮುದಿಯಾಯಿತು.

"ಯಾವಾಗಿಂದ?" ಎಂದಳು.

"ಎಡಗಣ್ಣು ಹೋದ ವರ್ಷವೇ. ಬಲಗಡೇದು ಹಿಮ ಕರಗಿದ ಮೇಲೆ. ನಡುವೆ ಏನೂ ಕಾಣಲ್ಲ. ಅಂಚಲ್ಲಿ ಸ್ವಲ್ಪ."

"ಮತ್ತೆ ಬೆಳಿಗ್ಗೆ ಗಾಡಿ? ನನ್ನ ಕೂರಿಸ್ಕೊಂಡು ಎಂಟು ಮೈಲಿ ಬಂದ್ಯಲ್ಲ!"

"ಕಿಟಕಿ ಇಳಿಸ್ಕೊತೀನಿ. ಬಲಗಡೆ ಚಕ್ರ ಜಲ್ಲಿಗೆ ಬಿದ್ರೆ ಸದ್ದಾಗತ್ತೆ. ತಿರುವೆಲ್ಲ ನಂಗೆ ಬಾಯಿಪಾಠ."

ಬೆಳಿಗ್ಗೆ ಬರುವಾಗ ಕೊಯ್ಲಿನವರ ಬಿಡಾರದ ಮುಂದೆ ಅವನು ಗಾಡಿಯನ್ನು ತೆವಳುವಂತೆ ನಿಧಾನ ಮಾಡಿದ್ದ. ದಾರಿಯಲ್ಲಿ ಚೆಂಡು ಒದೆಯುತ್ತಿದ್ದ ಮಕ್ಕಳ ಮೇಲಿನ ಅಕ್ಕರೆ ಅಂದುಕೊಂಡು ಇವಳು ಮನಸ್ಸಿನಲ್ಲೇ ಹಿಗ್ಗಿದ್ದಳು. ಅವನಿಗೆ ಮಕ್ಕಳು ಕಂಡೇ ಇರಲಿಲ್ಲ. ಕೂಗು ಕೇಳಿಸಿತ್ತು, ಅಷ್ಟೇ. ಕೂಗದೆ ನಿಂತ ಮಗು ಒಂದಿದ್ದಿದ್ದರೆ? ಅವಳ ಸಿಟ್ಟು ನೆತ್ತಿಗೇರಿತು.

"ಕೀಲಿ ಕೊಡು."

ಅವನು ಕೊಟ್ಟ. ಕೇಳಿದ ಕೂಡಲೇ ಕೊಟ್ಟುಬಿಟ್ಟದ್ದು ಅವಳನ್ನು ಇನ್ನಷ್ಟು ಹೆದರಿಸಿತು.

"ಕಾಣಲ್ಲ ಅಂದ್ರೆ ಕಾಣಲ್ಲ ಅನ್ಬೇಕಪ್ಪ! ಎಂಬತ್ಮೂರು, ಎಂಬತ್ನಾಕು ಅಂತ ದಿನಾ ಹೇಳ್ತಿದ್ಯಲ್ಲ, ಎಲ್ಲಿಂದ ತಂದೆ ಅದನ್ನ?"

"ಸುಮ್ನೆ ಹೇಳಿದ್ದಲ್ಲ ಕಣೆ. ಜುಲೈ ಬಿಸಿಲಿಗೆ ಈ ಪೆಟ್ಟಿಗೆ ಎಷ್ಟು ತೋರ್ಸತ್ತೆ ಅಂತ ನಂಗೆ ಗೊತ್ತಿಲ್ವಾ? ಮೂವತ್ತೆಂಟು ಜುಲೈ ನೋಡಿದೀನಿ."

"ಯಾವ ಬಿಸಿಲು? ಹತ್ತೊಂಬತ್ತು ದಿನ ಬಿಸಿಲೇ ಬಿದ್ದಿಲ್ಲ. ಬಂದರಿನಿಂದ ಹಿಡಿದು ಇಲ್ಲೀವರೆಗೂ ಮಂಜು. ನಿನ್ನೆ ಸಂಜೆ ಬಿಟ್ಟಿದ್ದು."

ಹಾರ್ಲಂಡ್ ತಲೆಯೆತ್ತಿದ. "ಇಲ್ಲೂ ಇತ್ತಾ?"

"ಹತ್ತು ಹೆಜ್ಜೆ ಮುಂದೆ ಕಾಣ್ತಿರ್ಲಿಲ್ವಂತೆ ಯಾರಿಗೂ."

"ಯಾರಿಗೂ?" ಎಂದ ಅವನು. ಹೊಲದ ಕಡೆ ಮುಖ ತಿರುಗಿಸಿದ. "ದಿನಾ ಎದ್ದಾಗ ಎಲ್ಲಾ ಬೆಳ್ಳಗಿರ್ತಿತ್ತು ಅಲ್ಥಿಯಾ. ಪೂರ್ತಿ ಹೋಯ್ತು ಕಣ್ಣು ಅಂದ್ಕೊಂಡೆ. ಚಳಿ ಆಗ್ತಿತ್ತು, ಮುದುಕನ ಮೈ ಅಂದ್ಕೊಂಡೆ. ಹೊರಗೆ ಚೆನ್ನಾಗಿ ಬಿಸಿಲಿದೆ, ಕೆಟ್ಟಿರೋದು ನಾನೊಬ್ನೇ ಅಂತ ತಿಳ್ಕೊಂಡು ಬಿಸಿಲಿನ ಅಂಕಿ ಹೇಳ್ದೆ."

ಅಲ್ಥಿಯಾಳ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹತ್ತೊಂಬತ್ತು ಬೆಳಿಗ್ಗೆ ಈ ಮನುಷ್ಯ ಮಂಜಿನ ನಡುವೆ ಒಬ್ಬನೇ ನಿಂತು, ಅದು ತನ್ನೊಳಗಿನದೆಂದು ನಂಬಿ, ಯಾರಿಗೂ ಹೇಳದೆ ಫೋನಿನಲ್ಲಿ ಜೋರಾಗಿ ಎಂಬತ್ನಾಲ್ಕು ಎಂದಿದ್ದ. ತಾನು ಆ ಕಡೆಯಿಂದ ಒಮ್ಮೆಯೂ ಏನನ್ನೂ ಕೇಳದೆ ಬರೆದುಕೊಂಡಿದ್ದಳು.

"ಹನ್ನೊಂದು ಮನೆಗೂ ಫೋನ್ ಮಾಡ್ತೀನಿ," ಎಂದಳು. "ಥರ್ಮಾಮೀಟರ್ ಕೆಟ್ಟಿತ್ತು ಅಂತ ಹೇಳಿದ್ರಾಯ್ತು. ಯಾರೂ ಏನೂ ಅನ್ನಲ್ಲ."

"ಕೆಟ್ಟಿರ್ಲಿಲ್ವಲ್ಲ," ಎಂದ ಹಾರ್ಲಂಡ್. "ಸುಳ್ಳು ಅಂಕಿ ಹೇಳಿದ್ದಾಯ್ತು, ಇನ್ನು ಅದಕ್ಕೊಂದು ಸುಳ್ಳು ಕಾರಣ ಬೇರೆ ಬೇಡ. ಅಷ್ಟು ದೂರದಿಂದ ಬಂದವ್ರಿಗೆ ಮೊದಲು ಹೇಳ್ತೀನಿ. ಫೋನು ಆಮೇಲೆ ಹಚ್ಕೊಡು."

ಅವಳು ತೋಳು ಹಿಡಿಯಹೋದಳು. ಅವನು ಕೊಸರಿಕೊಂಡು ಒಬ್ಬನೇ ನಡೆದ. ಕಾಲಡಿ ಗಿಡ ಸವರುತ್ತ, ಕಟ್ಟಿದ ದಾರ ಎಡವದೆ, ವ್ಯಾನಿನ ಪಕ್ಕ ಆಳೆತ್ತರಕ್ಕೆ ಪೇರಿಸಿದ್ದ ಖಾಲಿ ಕ್ರೇಟುಗಳ ಮುಂದೆ ಹೋಗಿ ನಿಂತ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ.

"ಮ್ಯಾಡಲಿನ್," ಎಂದು ಕ್ರೇಟುಗಳಿಗೆ ಹೇಳಿದ. "ನೀವೆಲ್ರೂ ನನ್ನ ಮಾತು ನಂಬಿ ಬಂದ್ರಿ. ನಂಗೆ ಕಣ್ಣು ಕಾಣಲ್ಲ. ಏಪ್ರಿಲ್‌ನಿಂದ ನಾನು ಥರ್ಮಾಮೀಟರ್ ಓದೇ ಇಲ್ಲ."

ಮ್ಯಾಡಲಿನ್ ಮತ್ತವಳ ಜನ ಅವನ ಎಡಗಡೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ಬ್ರೆಡ್ಡು ತಿನ್ನುತ್ತ ಕೂತಿದ್ದರು. ನೋಯೆಲ್ ಹಿಡಿದ ತುಂಡು ಕೈಯಲ್ಲೇ ಉಳಿಯಿತು.

ಮ್ಯಾಡಲಿನ್ ಎದ್ದಳು. ತನ್ನವರಿಗೆ ಕೈಯಲ್ಲೇ ಸನ್ನೆ ಮಾಡಿದಳು. ಹದಿನಾಲ್ಕು ಜನ ಸದ್ದು ಮಾಡದೆ ನಡೆದುಬಂದು, ಹಾರ್ಲಂಡ್‌ನ ಮತ್ತು ಕ್ರೇಟುಗಳ ನಡುವೆ ಒತ್ತಿಕೊಂಡು ನಿಂತರು.

"ತಪ್ಪು ನಂದು," ಎನ್ನುತ್ತಿದ್ದ ಹಾರ್ಲಂಡ್. "ಕೇಳಿಸ್ತಾ ಎಲ್ರಿಗೂ?"

"ಕೇಳಿಸ್ತು ಹಾರ್ಲಂಡ್," ಎಂದಳು ಮ್ಯಾಡಲಿನ್, ಅವನ ಮುಖದ ಎದುರಿಗೇ ನಿಂತು. "ಇಲ್ಲೇ ಇದ್ದೀವಿ."